ಹಗಲು ಬಾಟಲಿ ಬೇಡ, ರಾತ್ರಿಯೆಲ್ಲಾ ಹಾಲು ಬೇಕು: ಕೆಲಸಕ್ಕೆ ಮರಳಿದ ಅಮ್ಮಂದಿರು ಏನು ಮಾಡಿದಿರಿ?

ಅರೆನಿದ್ದೆ
ಮಗಳಿಗೆ 5 ತಿಂಗಳು. ನನ್ನ ರಜೆ ಮುಗಿದು ಕೆಲಸಕ್ಕೆ ಹೋಗುತ್ತಿದ್ದೇನೆ. ಗಂಡ ಈಗ ರಜೆ ಹಾಕಿ ಮನೆಯಲ್ಲಿದ್ದಾರೆ, ಮಧ್ಯಾಹ್ನದ ಮೇಲೆ ಅತ್ತೆಯೂ ಬರುತ್ತಾರೆ. ನಾನು ಹಾಲು ತೆಗೆದು ಫ್ರಿಜ್‌ನಲ್ಲಿಟ್ಟು ಹೊರಡುತ್ತೇನೆ. ತೊಂದರೆ ಏನಂದ್ರೆ ಹಗಲು ಬಾಟಲಿ ಕಂಡರೆ ಮುಖ ತಿರುಗಿಸುತ್ತಾಳೆ. ಸ್ವಲ್ಪ ಕುಡಿದು ನಾಲಿಗೆಯಲ್ಲಿ ನಿಪ್ಪಲ್ ಆಚೆ ತಳ್ಳುತ್ತಾಳೆ. ಸಂಜೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವುದೇ ತಡ, ರಚ್ಚೆ ಶುರು. ಆಮೇಲೆ ಬೆಳಗಾಗುವ ತನಕ ಗಂಟೆಗೊಮ್ಮೆ ಎದ್ದು ಹಾಲು.

ಒಬ್ಬರು ಹೇಳುತ್ತಾರೆ, ರಾತ್ರಿ ಹಾಲು ನಿಲ್ಲಿಸು, ಹಸಿವಾದ್ರೆ ಹಗಲು ತಾನೇ ಕುಡಿಯುತ್ತಾಳೆ ಅಂತ. ಇನ್ನೊಬ್ಬರು ಹೇಳುತ್ತಾರೆ, ರಾತ್ರಿ ನಿಲ್ಲಿಸಿದರೆ ಹಾಲೇ ಬತ್ತಿಹೋಗುತ್ತದೆ ಅಂತ. ಬೆಳಿಗ್ಗೆ ಮೀಟಿಂಗ್‌ನಲ್ಲಿ ಕೂತರೆ ಎದುರಿಗಿದ್ದವರ ಬಾಯಿ ಅಲ್ಲಾಡುವುದು ಮಾತ್ರ ಕಾಣುತ್ತದೆ, ಮಾತು ಕಿವಿಗೆ ಬೀಳುವುದಿಲ್ಲ.

ಇದರ ಜೊತೆಗೆ ಫೋನ್. ಟೋಪಿ ಎಲ್ಲಿದೆ, ಯಾವ ಡಬ್ಬಿಯ ಹಾಲು ಮೊದಲು, ಅಳುತ್ತಿದ್ದಾಳೆ ಏನು ಮಾಡಲಿ. ಗಂಡ ಕೆಟ್ಟವರಲ್ಲ, ತುಂಬಾ ಪ್ರೀತಿಯಿಂದ ನೋಡಿಕೊಳ್ಳುತ್ತಾರೆ. ಆದರೆ ನಾನು ಆಫೀಸಿನಲ್ಲಿದ್ದರೂ ಮನೆಯಲ್ಲೇ ಇದ್ದ ಹಾಗಿದೆ. ರಾತ್ರಿ ಹಾಲು ನಿಲ್ಲಿಸಲಾ ಬೇಡವಾ, ಅದನ್ನು ಹೇಳಿ ಮೊದಲು.

ಅವಳಿಜವಳಿ
ನಮ್ಮಲ್ಲಿ ಇಬ್ಬರು. ಒಬ್ಬ ಮಲಗಿದ ಅಂದರೆ ಇನ್ನೊಬ್ಬ ಏಳುತ್ತಾನೆ. ಉತ್ತರ ನನ್ನ ಹತ್ತಿರ ಇಲ್ಲ, ಸುಮ್ನೆ ಜೊತೆಗೆ ಕೂರೋಣ ಅಂತ ಬಂದೆ.

ಮೂರನೇಮಹಡಿ
ಇದು ತುಂಬಾ ಮಕ್ಕಳು ಮಾಡುವ ಕೆಲಸ, ಗಾಬರಿ ಬೇಡ. ಅಮ್ಮ ಇಲ್ಲದ ಹೊತ್ತಲ್ಲಿ ಜೀವ ಹಿಡಿಯುವಷ್ಟು ಕುಡಿದು ಜಾಸ್ತಿ ನಿದ್ದೆ ಮಾಡಿಬಿಡುತ್ತವೆ, ಅಮ್ಮ ಬಂದ ಮೇಲೆ ಬಾಕಿಯೆಲ್ಲಾ ವಸೂಲಿ. ಹಗಲು ರಾತ್ರಿ ಅದಲು ಬದಲು ಆಗಿದೆ ಅಷ್ಟೇ. ತೂಕ ಏರುತ್ತಿದೆಯಾ, ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯುತ್ತಾಳಾ, ಎಚ್ಚರ ಇದ್ದಾಗ ಗೆಲುವಾಗಿದ್ದಾಳಾ? ಮೂರಕ್ಕೂ ಹೌದು ಅಂದರೆ ಮಗುವಿಗೆ ತೊಂದರೆ ಇಲ್ಲ. ತೊಂದರೆ ನಿಮ್ಮ ನಿದ್ದೆಗೆ. ಅದೂ ತೊಂದರೆಯೇ, ಸಣ್ಣದಲ್ಲ.

ಗಡಿಯಾರ
5 ತಿಂಗಳಿಗೆ ಗಂಟೆಗೊಮ್ಮೆ ಹಾಲು ಅಂದರೆ ಅದು ಹಸಿವಲ್ಲ, ಅಭ್ಯಾಸ. ನೀವೇ ಕಲಿಸಿದ್ದು. ನಿಲ್ಲಿಸಿ. ಸ್ವಲ್ಪ ರಾತ್ರಿ ಅಳುತ್ತಾಳೆ, ಆಮೇಲೆ ಸರಿಹೋಗುತ್ತಾಳೆ. ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ, ಇಷ್ಟು ಕಷ್ಟಪಟ್ಟು ಈಗಲೇ ಕೆಲಸಕ್ಕೆ ಹೋಗುವ ಅಗತ್ಯ ಏನಿತ್ತು? ಒಂದು ವರ್ಷ ಬಿಟ್ಟು ಹೋಗಬಹುದಿತ್ತಲ್ವಾ?

ಪುಟ್ಟಹೆಜ್ಜೆ
"ಬೇಜಾರು ಮಾಡಿಕೊಳ್ಳಬೇಡಿ" ಅಂತ ಶುರುವಾದ ಮಾತು ಬೇಜಾರು ಮಾಡದೆ ಮುಗಿದಿದ್ದನ್ನು ನಾನಂತೂ ನೋಡಿಲ್ಲ. ಅವರು ಕೇಳಿದ್ದು ರಾತ್ರಿ ಹಾಲಿನ ಬಗ್ಗೆ. ಕೆಲಸ ಯಾಕೆ ಅಂತ ಅಪ್ಪಂದಿರನ್ನು ಯಾರಾದರೂ ಕೇಳುತ್ತಾರಾ?

ಗಡಿಯಾರ
ಅಪ್ಪನಿಗೆ ಹಾಲು ಬರುವುದಿಲ್ಲವಲ್ಲ. ನಾನು ಹೇಳಿದ್ದು ಅಷ್ಟೇ.

ರಾತ್ರಿಪಾಳಿ
ನಾನು ನರ್ಸ್, ತಾಯಿಯೂ ಹೌದು, ಹೆಸರಲ್ಲೇ ಇರುವ ಹಾಗೆ ರಾತ್ರಿ ಡ್ಯೂಟಿ. ಗಡಿಯಾರ ಅವರ ಮಾತಲ್ಲಿ ಅರ್ಧ ಸರಿ. 5 ತಿಂಗಳ ಮಗು ಪ್ರತಿ ಸಲ ಏಳುವುದು ಹಸಿವಿಗೇ ಅಂತ ಹೇಳಲಾಗದು. ಆದರೆ ಹಗಲು ಕಮ್ಮಿ ಕುಡಿದ ಮಗುವಿಗೆ ರಾತ್ರಿಯ ಹಾಲೇ ಮುಖ್ಯ ಊಟ. ಅದನ್ನು ಕಿತ್ತುಕೊಂಡರೆ ಹಗಲು ಬಾಟಲಿ ಹಿಡಿಯುತ್ತದೆ ಅನ್ನುವುದಕ್ಕೆ ಗ್ಯಾರಂಟಿ ಏನು? ಮೊದಲು ಹಗಲಿನದ್ದು ಸರಿ ಮಾಡಿ, ರಾತ್ರಿ ತಾನಾಗಿ ಕಮ್ಮಿ ಆಗುತ್ತದೆ.

ಹಾಲಿನ ವಿಷಯ. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ರಾತ್ರಿ ಹೊತ್ತು ಜಾಸ್ತಿ ಇರುತ್ತದೆ. ಒಂದೇ ಸಲ ರಾತ್ರಿಯೆಲ್ಲಾ ನಿಲ್ಲಿಸಿದರೆ ಎದೆ ಕಲ್ಲಾಗುತ್ತದೆ, ಗಂಟು ಕಟ್ಟುತ್ತದೆ, ಹಾಲೂ ಕಮ್ಮಿ ಆಗಬಹುದು. ಕಮ್ಮಿ ಮಾಡುವುದಾದರೆ ಒಂದೊಂದೇ ಹೊತ್ತು, ನಿಧಾನಕ್ಕೆ. ಎದೆ ಕೆಂಪಾಗಿ ಬಿಸಿಯಾಗಿ ಚಳಿಜ್ವರ ಬಂದರೆ ಮಾತ್ರ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಆಗಲೂ ಹಾಲು ಕುಡಿಸುವುದನ್ನು ನಿಲ್ಲಿಸಬೇಕಿಲ್ಲ.

ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಮಗು ಮಲಗಿದಾಗ ನಿಮಗೆ ನಿದ್ದೆ ಬರುತ್ತದಾ?

ಅರೆನಿದ್ದೆ
ಬರುತ್ತದಾ ಅಂದರೆ! ದಿಂಬಿಗೆ ತಲೆ ಇಟ್ಟರೆ ಮುಗಿಯಿತು. ಒಮ್ಮೊಮ್ಮೆ ಕೂತಲ್ಲೇ, ಹಾಲು ಕುಡಿಸುತ್ತಾ ಸೋಫಾದಲ್ಲೇ ಕಣ್ಣು ಮುಚ್ಚಿಹೋಗುತ್ತದೆ. ತೂಕ ಸರಿ ಇದೆ, ಉಚ್ಚೆನೂ ಸರಿ ಇದೆ.

ರಾತ್ರಿಪಾಳಿ
ನಿದ್ದೆ ಬರುತ್ತದೆ ಅಂದಿದ್ದು ಸಮಾಧಾನ. ಯಾಕೆ ಕೇಳಿದೆ ಅಂದರೆ ಮಗು ಮಲಗಿದ್ದರೂ ಅಮ್ಮನಿಗೆ ನಿದ್ದೆ ಬಾರದೆ, ಎದೆ ಢವಢವ, ಯಾವುದರಲ್ಲೂ ಮನಸ್ಸಿಲ್ಲ ಅನ್ನುವ ಹಾಗಿದ್ದರೆ ಅದು ಬರೀ ಸುಸ್ತಲ್ಲ. ಹೆರಿಗೆ ಆದ ಮೊದಲ ಎರಡು ವಾರ ಸುಮ್ಮಸುಮ್ಮನೆ ಅಳು ಬರುವುದು ಬಹಳ ಜನರಿಗೆ ಆಗುತ್ತದೆ, ಹೋಗುತ್ತದೆ. ಅದಕ್ಕಿಂತ ಮುಂದುವರಿದರೆ, ಅಥವಾ ತಿಂಗಳುಗಳ ನಂತರ ಶುರುವಾದರೂ, ಖಿನ್ನತೆ ಇರಬಹುದು. 1987ರಲ್ಲಿ ಬಂದ ಎಡಿನ್‌ಬರೋ ಪ್ರಶ್ನಾವಳಿ ಅಂತ ಒಂದಿದೆ, ಕೇವಲ 10 ಪ್ರಶ್ನೆ, ಕಳೆದ 7 ದಿನ ಹೇಗಿದ್ದಿರಿ ಅಂತ ಕೇಳುತ್ತದೆ. ಡಾಕ್ಟರ ಹತ್ತಿರ ಹೋದಾಗ ಕೇಳಿ, ಕೂತಲ್ಲೇ ತುಂಬಬಹುದು. ಕೆಲಸಕ್ಕೆ ಮರಳುವ ಹೊತ್ತಿಗೆ ಇದನ್ನು ಯಾರೂ ಕೇಳುವುದೇ ಇಲ್ಲ, ಎಲ್ಲರೂ ಮಗುವಿನ ತೂಕ ಕೇಳಿ ಕಳಿಸುತ್ತಾರೆ.

ಆದರೆ ಸೋಫಾದಲ್ಲಿ ನಿದ್ದೆ ಬೇಡವೇ ಬೇಡ. ಮಗು ಎತ್ತಿಕೊಂಡು ಸೋಫಾದಲ್ಲಿ ಮಲಗಿಬಿಡುವುದು ತುಂಬಾ ಅಪಾಯ. ಸಂದಿಗೆ ಜಾರಿದರೆ ಮಗುವಿಗೆ ಉಸಿರು ಕಟ್ಟುತ್ತದೆ. ತೂಕಡಿಕೆ ಬರುತ್ತದೆ ಅನ್ನಿಸಿದ ರಾತ್ರಿ ಗಂಡನನ್ನು ಎಬ್ಬಿಸಿ. ಹಾಲು ಕುಡಿದ ಮೇಲೆ ಮಗುವನ್ನು ಅದರದ್ದೇ ಹಾಸಿಗೆಯಲ್ಲಿ, ಅಂಗಾತ, ದಿಂಬು ಗೊಂಬೆ ಏನೂ ಇಲ್ಲದೆ ಮಲಗಿಸಲಿ.

ಹಿರಿತಲೆ
ಅಂಗಾತ ಮಲಗಿಸಿದರೆ ಕಕ್ಕಿ ಉಸಿರು ಕಟ್ಟುತ್ತದೆ ಅಂತ ನಮಗೆ ಹೇಳಿದ್ದರು. ನಮ್ಮ ಮಕ್ಕಳನ್ನೆಲ್ಲಾ ಬೋರಲು ಮಲಗಿಸಿಯೇ ಸಾಕಿದ್ದು.

ರಾತ್ರಿಪಾಳಿ
ಅಮ್ಮಾ, ಆಗ ಹಾಗೇ ಹೇಳುತ್ತಿದ್ದರು ನಿಜ. 1990ರ ದಶಕದಲ್ಲಿ ಬ್ರಿಟನ್, ಅಮೆರಿಕದಂಥ ದೇಶಗಳಲ್ಲಿ ಅಂಗಾತ ಮಲಗಿಸಿ ಅಂತ ದೊಡ್ಡ ಪ್ರಚಾರ ಮಾಡಿದರು. ಅದಾದ ಮೇಲೆ ತೊಟ್ಟಿಲಲ್ಲಿ ಕಾರಣ ತಿಳಿಯದೆ ಸಾಯುವ ಮಕ್ಕಳ ಸಂಖ್ಯೆ ತುಂಬಾ ಇಳಿಯಿತು. ಆರೋಗ್ಯವಾಗಿರುವ ಮಗು ಅಂಗಾತ ಮಲಗಿ ಕಕ್ಕಿದರೂ ನುಂಗಿಕೊಳ್ಳುತ್ತದೆ, ಇಲ್ಲ ಕೆಮ್ಮಿ ಉಗುಳುತ್ತದೆ.

ಹಿರಿತಲೆ
ಸರಿ ಕಣಮ್ಮ. ಈಗಿನವರಿಗೆ ಓದೋಕೆ ಎಷ್ಟೊಂದು. ನಾನು ಮೊಮ್ಮಗನನ್ನು ಹಗಲು ನೋಡಿಕೊಳ್ಳುತ್ತೇನೆ, ಸೊಸೆ ಗೋಡೆಗೆ ಕಾಗದ ಅಂಟಿಸಿ ಹೋಗುತ್ತಾಳೆ. ಮೊದಮೊದಲು ಕೋಪ ಬರುತ್ತಿತ್ತು, ನನಗೇ ಹೇಳಿಕೊಡುತ್ತಾಳಾ ಅಂತ. ಈಗ ಅಭ್ಯಾಸ ಆಯ್ತು. ಹಾಲಿನ ಡಬ್ಬಿ ಮೇಲೆ ತಾರೀಖು ಬರೆದಿರುತ್ತಾಳೆ, ಅದು ಒಳ್ಳೆಯದೇ.

ಲೆಕ್ಕದಕ್ಕ
ಅರೆನಿದ್ದೆ, ಒಂದು ಬಾಟಲಿಗೆ ಎಷ್ಟು ಹಾಲು ಹಾಕಿಡುತ್ತೀರಿ? ದಿನದಲ್ಲಿ ಒಟ್ಟು ಎಷ್ಟು ಕುಡಿಯುತ್ತಾಳೆ? ಎಷ್ಟು ಗಂಟೆ ಹೊರಗಿರುತ್ತೀರಿ?

ಅರೆನಿದ್ದೆ
ಬಾಟಲಿಗೆ 180 ಮಿಲಿ. ಪ್ರತಿ ಸಲ ಮುಕ್ಕಾಲು ಭಾಗ ಉಳಿಸುತ್ತಾಳೆ. ಒಟ್ಟು 200, 220 ಕುಡಿಯಬಹುದು. ಹೋಗಿ ಬರುವುದು ಸೇರಿ 10 ಗಂಟೆ.

ಲೆಕ್ಕದಕ್ಕ
ಅದನ್ನೇ ಅಂದುಕೊಂಡೆ. ಎದೆಹಾಲು ಕುಡಿಯುವ ಮಗು 1ರಿಂದ 6 ತಿಂಗಳ ತನಕ ದಿನಕ್ಕೆ ಸರಾಸರಿ 750 ಮಿಲಿ ಆಸುಪಾಸು ಕುಡಿಯುತ್ತದೆ. ಕೆಲವರು ಕಮ್ಮಿ, ಕೆಲವರು ಜಾಸ್ತಿ. ಬೆಳೆದ ಹಾಗೆ ಅಷ್ಟೇನೂ ಏರುವುದಿಲ್ಲ. 24 ಗಂಟೆಗೆ ಭಾಗಿಸಿ. ಗಂಟೆಗೆ 30 ಮಿಲಿ ಚಿಲ್ಲರೆ. 10 ಗಂಟೆಗೆ 300 ಸಾಕು. ಅವಳು 220 ಕುಡಿದರೆ ಸ್ವಲ್ಪ ಕಮ್ಮಿ ಅಷ್ಟೇ, ಉಪವಾಸ ಏನಲ್ಲ. ನೀವು 180 ತುಂಬಿಟ್ಟು ಉಳಿದದ್ದು ನೋಡಿ ಹೆದರುತ್ತಿದ್ದೀರಿ. 60 ಮಿಲಿ ಹಾಕಿಡಿ, ಬೇಕಾದರೆ ಇನ್ನೊಂದು 30. ಖಾಲಿ ಬಾಟಲಿ ನೋಡಿದರೆ ಮನೆಯವರ ಮುಖವೂ ಅರಳುತ್ತದೆ, ಚೆಲ್ಲುವ ಹಾಲೂ ಉಳಿಯುತ್ತದೆ.

ಫಾರ್ಮುಲಾ, ಅಂದರೆ ಡಬ್ಬಿಯ ಪುಡಿಹಾಲು ಕುಡಿಯುವ ಮಗುವಿನ ಲೆಕ್ಕ ಬೇರೆ. ಅದರ ಡಬ್ಬಿ ಮೇಲಿನ ಪಟ್ಟಿ ನೋಡಿ ಎದೆಹಾಲು ಅಳೆಯಬೇಡಿ.

ಅರೆನಿದ್ದೆ
ಡಬ್ಬಿ ಮೇಲಿನ ಪಟ್ಟಿ ನೋಡಿಯೇ 180 ಅಂದುಕೊಂಡಿದ್ದು. ಯಾರೂ ಹೇಳಿರಲಿಲ್ಲ.

ಮೂರನೇಮಹಡಿ
ಕುಡಿಸುವ ರೀತಿಯನ್ನೂ ನೋಡಿ. ಮಗುವನ್ನು ಮಲಗಿಸಿಕೊಂಡು ಬಾಟಲಿ ಬಗ್ಗಿಸಿದರೆ ಹಾಲು ಸುರಿದು ಉಸಿರಾಡಲು ಆಗದೆ ತಳ್ಳುತ್ತದೆ. ಮಗು ಕೂತ ಹಾಗೆ ಇರಲಿ, ಬಾಟಲಿ ಅಡ್ಡಡ್ಡ ಹಿಡಿಯಿರಿ, ನಿಪ್ಪಲ್ ನಿಧಾನಕ್ಕೆ ಹರಿಯುವಂಥದ್ದು ಇರಲಿ, ನಡುನಡುವೆ ಬಿಡುವು ಕೊಡಿ. ಹೊಟ್ಟೆ ಚುರುಗುಟ್ಟಿ ಕಿರುಚುವ ತನಕ ಕಾಯಬೇಡಿ, ಆಗ ಯಾವ ಮಗುವೂ ಹೊಸದು ಕಲಿಯುವುದಿಲ್ಲ. ಬಾಟಲಿ ಬೇಡವೇ ಬೇಡ ಅಂದರೆ ಸಣ್ಣ ಲೋಟ ಇದೆ. ಲೋಟದಿಂದ ಕುಡಿಸಬಹುದು, ಬಾಯಿಗೆ ಸುರಿಯಬೇಡಿ, ತುಟಿಗೆ ತಾಗಿಸಿ ಹಿಡಿದರೆ ತಾನೇ ಹೀರುತ್ತದೆ. ತೊಳೆಯೋದೂ ಸುಲಭ. ಮತ್ತೆ, ನೀವು ಮನೆಯಲ್ಲಿದ್ದಾಗ ಬಾಟಲಿ ಪ್ರಯೋಗ ಮಾಡಬೇಡಿ. ನಿಮ್ಮ ವಾಸನೆ ಸಿಕ್ಕರೆ ಬಾಟಲಿ ಯಾರಿಗೆ ಬೇಕು?

ಪುಟ್ಟಹೆಜ್ಜೆ
ಹಾಲಿನ ವಾಸನೆ, ರುಚಿಯನ್ನೂ ನೋಡಿ ಒಮ್ಮೆ. ಕೆಲವರ ಹಾಲು ಫ್ರಿಜ್‌ನಲ್ಲಿ ಇಟ್ಟ ಮೇಲೆ ಸಾಬೂನಿನ ವಾಸನೆ ಬರುತ್ತದೆ. ಹಾಲಿನಲ್ಲೇ ಇರುವ ಲೈಪೇಸ್ ಅನ್ನುವ ಕಿಣ್ವ ಕೊಬ್ಬನ್ನು ಒಡೆಯುವುದರಿಂದ ಹಾಗೆ. ಕೆಟ್ಟಿಲ್ಲ, ಮಗುವಿಗೆ ಏನೂ ಆಗುವುದಿಲ್ಲ, ಆದರೆ ಕೆಲವು ಮಕ್ಕಳು ಮುಟ್ಟುವುದಿಲ್ಲ. ನನ್ನ ಮಗ ಮುಟ್ಟಲಿಲ್ಲ. ತಾಜಾ ಹಾಲು ಕೊಟ್ಟರೆ ಗಟಗಟ. ಕೊನೆಗೆ ನಾನು ಹಗಲು ಫಾರ್ಮುಲಾ, ನಾನಿದ್ದಾಗ ಎದೆಹಾಲು ಅಂತ ಮಾಡಿದೆ. ಈಗ ಅವನಿಗೆ ಎರಡು ವರ್ಷ, ಮನೆ ಗೋಡೆಯೆಲ್ಲಾ ಅವನ ಚಿತ್ರ.

ಗಡಿಯಾರ
6 ತಿಂಗಳ ತನಕ ಬರೀ ಎದೆಹಾಲು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಫಾರ್ಮುಲಾ ಕೊಡಿ ಅಂತ ಹೇಳಿಕೊಡಬೇಡಿ.

ಪುಟ್ಟಹೆಜ್ಜೆ
ಹೇಳಿದೆ, ಗೊತ್ತು. ಆಮೇಲೆ 2 ವರ್ಷ ಮತ್ತು ಅದಕ್ಕೂ ಮುಂದೆ ಬೇರೆ ಆಹಾರದ ಜೊತೆ ಕೊಡಿ ಅಂತಲೂ ಹೇಳಿದೆ, ಅದನ್ನು ಯಾರೂ ನೆನಪಿಸುವುದಿಲ್ಲ, ವರ್ಷ ಕಳೆದ ಮೇಲೆ ಕುಡಿಸಿದರೆ ಇನ್ನೂ ಬಿಡಿಸಿಲ್ವಾ ಅಂತ ಕೇಳುತ್ತಾರೆ. ಎಲ್ಲರಿಗೂ ಆಗುವುದಿಲ್ಲ ರೀ. ನಾನು ಕೊಡಿ ಅಂತ ಎಲ್ಲಿ ಹೇಳಿದೆ? ನಾನು ಏನು ಮಾಡಿದೆ ಅಂತ ಹೇಳಿದೆ. ಕೊಡುವವರು ಸರಿಯಾಗಿ ಕೊಡಲಿ. ಪುಡಿ ಕ್ರಿಮಿ ಇಲ್ಲದ್ದೇನಲ್ಲ, ಅದಕ್ಕೇ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಪುಡಿ ಹಾಕಿ ಆಮೇಲೆ ಆರಿಸಿ ಅಂತ ಅದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿತಾಯ ಅಂತ ನೀರು ಜಾಸ್ತಿ ಮಾಡುವುದಂತೂ ಬೇಡ.

ಅವಳಿಜವಳಿ
ಇಬ್ಬರಿಗೂ ಎರಡೂ ಕೊಟ್ಟಿದ್ದೇನೆ. ಯಾರು ಬೇಕಾದರೂ ಬಂದು ಬೈಯಬಹುದು, ಬರುವಾಗ ಒಬ್ಬನನ್ನು ಎತ್ತಿಕೊಳ್ಳಬೇಕು.

ಸ್ಟೋರ್‌ರೂಮ್
ಆಫೀಸಿನಲ್ಲಿ ಪಂಪ್ ಮಾಡಲು ಜಾಗ ಇದೆಯಾ ನಿಮಗೆ? ನನಗೆ ಮೊದಲು ಶೌಚಾಲಯಕ್ಕೆ ಹೋಗಿ ಅಂದರು. ಊಟವನ್ನು ನೀವು ಅಲ್ಲಿ ತಯಾರು ಮಾಡುತ್ತೀರಾ ಅಂತ ಕೇಳಿದೆ. ಆಮೇಲೆ ಹಳೇ ಕಡತ, ಮುರಿದ ಕುರ್ಚಿ ತುಂಬಿದ ಒಂದು ಕೋಣೆ ಕೊಟ್ಟರು, ಒಳಗಿಂದ ಚಿಲಕ ಇಲ್ಲ. ಬೆನ್ನಿಂದ ಬಾಗಿಲು ಒತ್ತಿಕೊಂಡು ಪಂಪ್ ಮಾಡಿದ್ದೇನೆ. ಹಾಗೆ ಹೆದರಿಕೊಂಡು ಕೂತರೆ ಹಾಲು ಇಳಿಯುವುದೇ ಇಲ್ಲ, ಹಾಲು ಇಳಿಸುವ ಆಕ್ಸಿಟೋಸಿನ್ ಅನ್ನುವ ಹಾರ್ಮೋನಿಗೆ ಮನಸ್ಸು ಸ್ವಲ್ಪ ಸಡಿಲ ಆಗಬೇಕು. ಮಗುವಿನ ವಿಡಿಯೋ ನೋಡಿ ಅಂತ ಯಾರೋ ಹೇಳಿದರು, ಅದು ಕೆಲಸ ಮಾಡಿತು. ಬಾಗಿಲ ಚಿಲಕ ಇನ್ನೂ ಚೆನ್ನಾಗಿ ಕೆಲಸ ಮಾಡಿತು, ಅದನ್ನು ಹಾಕಿಸಿಕೊಳ್ಳಲು ಪತ್ರದ ಮೇಲೆ ಪತ್ರ ಬರೆಯಬೇಕಾಯಿತು.

ಕೇಳಲು ನಾಚಿಕೆ ಪಡಬೇಡಿ. ಇದೇನು ಹೊಸ ಬೇಡಿಕೆ ಅಲ್ಲ. 1919ರಲ್ಲೇ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಹೆರಿಗೆ ಒಪ್ಪಂದದಲ್ಲಿ ಮಗುವಿಗೆ ಹಾಲೂಡಿಸಲು ಕೆಲಸದ ಹೊತ್ತಲ್ಲಿ ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ ಬಿಡುವು ಕೊಡಬೇಕು ಅಂತಿತ್ತು. 2000ದ ಒಪ್ಪಂದದಲ್ಲಿ ಕನಿಷ್ಠ 14 ವಾರ ರಜೆ, ಹಾಲೂಡಿಸುವ ಬಿಡುವನ್ನು ಕೆಲಸದ ಸಮಯ ಅಂತಲೇ ಲೆಕ್ಕ ಹಾಕಿ ಸಂಬಳ ಕೊಡಬೇಕು ಅಂತ ಇದೆ. ಎಲ್ಲಾ ದೇಶಗಳೂ ಸಹಿ ಹಾಕಿಲ್ಲ. ನಿಮ್ಮಲ್ಲಿ ನಿಯಮ ಏನಿದೆ ನೋಡಿಕೊಳ್ಳಿ. ನೂರು ವರ್ಷ ಹಳೇ ಮಾತು ಅಂತ ಗೊತ್ತಿದ್ದರೆ ಕೇಳುವಾಗ ದನಿ ಗಟ್ಟಿ ಬರುತ್ತದೆ ಅಲ್ವಾ.

ಅರೆನಿದ್ದೆ
ಕೋಣೆ ಇದೆ, ಚಿಲಕವೂ ಇದೆ. ಸಮಯ ಇಲ್ಲ. ಪಂಪ್ ಮಾಡುವ ಹೊತ್ತಿಗೇ ಮೀಟಿಂಗ್ ಇಡುತ್ತಾರೆ. ಎದ್ದು ಹೋಗಲು ಮುಜುಗರ. ಒಮ್ಮೆ ರವಿಕೆ ಒದ್ದೆಯಾಗಿ ಫೈಲ್ ಎದೆಗೆ ಹಿಡಿದುಕೊಂಡು ಕೂತಿದ್ದೆ.

ತಂಡದತಲೆನೋವು
ನಾನು ಒಂದು ತಂಡ ನಡೆಸುವವನು, ಅದಕ್ಕೆ ಈ ಹೆಸರು. ನಿಮ್ಮ ಕ್ಯಾಲೆಂಡರಿನಲ್ಲಿ ಆ ಹೊತ್ತನ್ನು ಮೊದಲೇ ಬ್ಲಾಕ್ ಮಾಡಿ, ಪ್ರತಿದಿನ, ಮುಂದಿನ ಆರು ತಿಂಗಳಿಗೆ. ಕಾರಣ ಬರೆಯಬೇಕಾಗಿಲ್ಲ. ಮೀಟಿಂಗ್ ಇಡುವವರು ಖಾಲಿ ಇರುವ ಜಾಗ ನೋಡಿ ಇಡುತ್ತಾರೆ, ದ್ವೇಷದಿಂದ ಅಲ್ಲ. ಅದರ ಮೇಲೂ ಇಟ್ಟರೆ ಮೇಲಿನವರಿಗೆ ಒಂದು ಸಾಲು ಬರೆಯಿರಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಬರೆದದ್ದು ಉಳಿಯುತ್ತದೆ.

ಸ್ಟೋರ್‌ರೂಮ್
ಎಲ್ಲರಿಗೂ ಕ್ಯಾಲೆಂಡರ್ ಇರುವುದಿಲ್ಲ ಸಾರ್. ಕೌಂಟರಿನಲ್ಲಿ ಕೂರುವವರು, ಮೆಷಿನ್ ಮುಂದೆ ನಿಲ್ಲುವವರು, ತರಗತಿ ನಡೆಸುವವರು ಎಲ್ಲಿ ಬ್ಲಾಕ್ ಮಾಡಬೇಕು? ಬದಲಿಗೆ ಇನ್ನೊಬ್ಬರನ್ನು ನಿಲ್ಲಿಸಬೇಕು. ಅದು ನಿಮ್ಮಂಥವರ ಕೆಲಸ, ಅವರದ್ದಲ್ಲ.

ತಂಡದತಲೆನೋವು
ಅದೂ ನಿಜ.

ಅಪ್ಪನೂಹೌದು
ಫೋನಿನ ವಿಷಯಕ್ಕೆ ಬರೋಣ, ಅದು ನನ್ನ ಏರಿಯಾ. ಹೆಂಡತಿ ಕೆಲಸಕ್ಕೆ ಹೊರಟ ಮೇಲೆ ಮಗನ ಜೊತೆ ತಿಂಗಳುಗಟ್ಟಲೆ ನಾನೊಬ್ಬನೇ ಇದ್ದೆ. ಫೋನ್ ಮಾಡಿ ಕೇಳುವುದು ಸುಲಭ, ಅದಕ್ಕೇ ಕೇಳುತ್ತೇವೆ. ಉತ್ತರ ಬರುತ್ತದೆ ಅಂತ ಗೊತ್ತಿರುವ ತನಕ ಡ್ರಾಯರ್ ತೆರೆದು ಹುಡುಕಲು ಕೈ ಏಳುವುದಿಲ್ಲ. ಎತ್ತಬೇಡಿ ಫೋನ್. ನಿಜವಾಗಲೂ ಹೇಳುತ್ತಿದ್ದೇನೆ. ತುರ್ತು ಇದ್ದರೆ ಎರಡು ಸಲ ಮಾಡಿ ಅಂತ ಹೇಳಿಡಿ, ಒಂದು ಸಲದ್ದಕ್ಕೆ ಎತ್ತಬೇಡಿ. ಟೋಪಿ ಸಿಗುತ್ತದೆ. ಸಿಗದಿದ್ದರೆ ಆ ದಿನ ಟೋಪಿ ಇಲ್ಲದೆ ಇರುತ್ತಾಳೆ.

ಆದರೆ ಅದರ ಇನ್ನೊಂದು ಮುಖವೂ ಇದೆ. ಸಂಜೆ ಬಂದು ಟೋಪಿ ಯಾಕೆ ಹಾಕಿಲ್ಲ, ಅಂಗಿ ಯಾಕೆ ಹೀಗೆ, ತೇಗು ಬರಿಸಿದ್ರಾ, ಹೀಗೆ ಶುರು ಮಾಡಿದರೆ ಮರುದಿನ ಮತ್ತೆ ಫೋನ್ ಬಂದೇ ಬರುತ್ತದೆ. ಬೈಸಿಕೊಳ್ಳುವುದಕ್ಕಿಂತ ಕೇಳುವುದು ಮೇಲು ಅನ್ನಿಸುತ್ತದೆ.

ಪುಟ್ಟಹೆಜ್ಜೆ
ಅಂದರೆ ಕೊನೆಗೂ ತಪ್ಪು ಅಮ್ಮಂದು. ಭಲೇ.

ಅಪ್ಪನೂಹೌದು
ಹಾಗಲ್ಲ ರೀ. ಇಬ್ಬರಿಗೂ ಹೇಳಿದೆ.

ಮೂರನೇಮಹಡಿ
ಪುಟ್ಟಹೆಜ್ಜೆ, ಅವರು ಹೇಳಿದ್ದರಲ್ಲಿ ಹುರುಳಿದೆ. ಆದರೆ ಟೋಪಿ ಸಣ್ಣ ವಿಷಯ ಅಪ್ಪನೂಹೌದು ಅವರೇ. ಮುಂದಿನ ಲಸಿಕೆ ಯಾವಾಗ, ಡೈಪರ್ ಮುಗಿಯುವುದು ಯಾವಾಗ, ಅಂಗಿಗಳು ಗಿಡ್ಡ ಆಗುತ್ತಿವೆ, ಉಗುರು ಕತ್ತರಿಸಬೇಕು, 6 ತಿಂಗಳಾದ ಮೇಲೆ ಊಟ ಏನು ಶುರು ಮಾಡೋದು, ಯಾವುದು ಕೊಡಬಾರದು, ಜೇನು ಒಂದು ವರ್ಷದ ತನಕ ಬೇಡ ಅಂತ ಅಜ್ಜಿಗೆ ಯಾರು ಹೇಳೋದು. ಈ ಪಟ್ಟಿ ಯಾರ ತಲೆಯಲ್ಲಿದೆ? ಹಾಲು ಕುಡಿಸಲು ಗಂಡ ಇದ್ದಾರೆ, ಆದರೆ ಹಾಲು ಖಾಲಿಯಾಗುತ್ತಿದೆ ಅಂತ ಗಮನಿಸುವವರು ಆಫೀಸಿನಲ್ಲಿ ಕೂತಿದ್ದಾರೆ. ನಾವು ಪಟ್ಟಿಯನ್ನೇ ಹಂಚಿಕೊಂಡೆವು. ಲಸಿಕೆ, ಡಾಕ್ಟರ್, ಔಷಧಿ ಪೂರ್ತಿ ಅವರದ್ದು. ತಾರೀಖು ನೆನಪಿಟ್ಟುಕೊಳ್ಳುವುದರಿಂದ ಹಿಡಿದು ಚುಚ್ಚಿಸಿಕೊಂಡು ಬಂದ ರಾತ್ರಿ ಎಚ್ಚರ ಇರುವ ತನಕ. ನನಗೆ ತಾರೀಖೂ ಗೊತ್ತಿಲ್ಲ ಈಗ. ಬಟ್ಟೆ, ಡೈಪರ್ ನನ್ನದು. ಅವರು ಒಂದು ಸಲ ಲಸಿಕೆಗೆ ಒಂದು ವಾರ ತಡ ಮಾಡಿದರು. ಬಾಯಿ ಮುಚ್ಚಿಕೊಂಡು ಕೂತೆ. ಅದೇ ಕಷ್ಟದ ಭಾಗ.

ಹಿರಿತಲೆ
ಜೇನು ಯಾಕೆ ಬೇಡ? ಒಂದು ತೊಟ್ಟು ನಾಲಿಗೆಗೆ ಹಚ್ಚಿದರೆ ಏನು?

ರಾತ್ರಿಪಾಳಿ
ಜೇನಿನಲ್ಲಿ ಬೊಟುಲಿಸಂ ತರುವ ಕ್ರಿಮಿಯ ಬೀಜಾಣು ಇರಬಹುದು. ದೊಡ್ಡವರಿಗೆ ಏನೂ ಆಗುವುದಿಲ್ಲ. ಒಂದು ವರ್ಷದೊಳಗಿನ ಮಗುವಿನ ಕರುಳಲ್ಲಿ ಅದು ಬೆಳೆದು ವಿಷ ಬಿಡುತ್ತದೆ, ಮಗು ಸೊರಗಿ ಸತ್ವ ಇಲ್ಲದ ಹಾಗಾಗುತ್ತದೆ. ಅಪರೂಪ, ಆದರೆ ಬಂದರೆ ಜೀವಕ್ಕೇ ಕುತ್ತು. ಒಂದು ತೊಟ್ಟೂ ಬೇಡ.

ಲೆಕ್ಕದಕ್ಕ
ಹಾಲು ಇಡುವ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯಾವ ಡಬ್ಬಿ ಮೊದಲು ಅಂತ ಫೋನ್ ಬರುತ್ತದೆ ಅಂದರಲ್ಲ. ಈಗಷ್ಟೇ ತೆಗೆದ ಹಾಲು 25 ಡಿಗ್ರಿ ತನಕದ ಕೋಣೆಯಲ್ಲಿ 4 ಗಂಟೆ. ಫ್ರಿಜ್‌ನಲ್ಲಿ 4 ದಿನ, ಬಾಗಿಲ ಕಡೆ ಅಲ್ಲ, ಒಳಗೆ ಹಿಂದೆ. ಫ್ರೀಜರ್‌ನಲ್ಲಿ 6 ತಿಂಗಳೊಳಗೆ ಬಳಸಿದರೆ ಒಳ್ಳೆಯದು. ಫ್ರೀಜರ್‌ನಿಂದ ತೆಗೆದು ಪೂರ್ತಿ ಕರಗಿದ ಮೇಲೆ ಫ್ರಿಜ್‌ನಲ್ಲಿ 24 ಗಂಟೆ, ಮತ್ತೆ ಗಟ್ಟಿ ಮಾಡುವ ಹಾಗಿಲ್ಲ. ಮಗು ಬಾಯಿ ಹಾಕಿದ ಬಾಟಲಿಯಲ್ಲಿ ಉಳಿದದ್ದು 2 ಗಂಟೆ, ಆಮೇಲೆ ಚೆಲ್ಲಿ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಬೇಡಿ, ಅಲ್ಲಲ್ಲಿ ಸುಡುವಷ್ಟು ಬಿಸಿ ಆಗಿರುತ್ತದೆ. ಬಿಸಿನೀರಿನ ಬಟ್ಟಲಲ್ಲಿ ಇಟ್ಟರೆ ಸಾಕು. ಹಳೇದು ಮೊದಲು, ಹೊಸದು ಆಮೇಲೆ. ಇದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ.

ಗಡಿಯಾರ
ಕೋಣೆಯಲ್ಲಿ 8 ಗಂಟೆ ಇಡಬಹುದು ಅಂತ ಓದಿದ್ದೆನಲ್ಲ.

ಲೆಕ್ಕದಕ್ಕ
ತಂಪು ಕೋಣೆ, ತುಂಬಾ ಶುಚಿಯಾಗಿ ತೆಗೆದ ಹಾಲು ಅಂದರೆ ಕೆಲವರು 6ರಿಂದ 8 ಅನ್ನುತ್ತಾರೆ. ಸೆಕೆಯಲ್ಲಿ 4 ಕೂಡ ಜಾಸ್ತಿಯೇ. ನಾನು 4 ಅಂತಲೇ ಹೇಳುವುದು.

ಅವಳಿಜವಳಿ
ಪಂಪಿನ ಭಾಗಗಳನ್ನು ಪ್ರತಿ ಸಲ ತೊಳೆಯದೆ ಚೀಲಕ್ಕೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಆಗುತ್ತದೆ, ಸಮಯ ಉಳಿಯುತ್ತದೆ.

ರಾತ್ರಿಪಾಳಿ
ಪ್ರತಿ ಸಲ ತೊಳೆಯುವುದೇ ಸರಿ. ತಿಂಗಳು ತುಂಬದೆ ಹುಟ್ಟಿದ ಮಗು, 2 ತಿಂಗಳಿಗಿಂತ ಚಿಕ್ಕ ಮಗು, ಕಾಯಿಲೆ ಇರುವ ಮಗು ಅಂದರೆ ಈ ಅಡ್ಡದಾರಿ ಬೇಡವೇ ಬೇಡ. ಇನ್ನೊಂದು ಸೆಟ್ ಇಟ್ಟುಕೊಳ್ಳುವುದು ಸುಲಭ.

ಅವಳಿಜವಳಿ
ಇನ್ನೊಂದು ಸೆಟ್ ಅಂದರೆ ಮನೆಗೆ ಬಂದ ಮೇಲೆ ತೊಳೆಯಲು ಎರಡು ಸೆಟ್. ನನ್ನ ಸಂಜೆ ಎಲ್ಲಾ ಸಿಂಕ್ ಮುಂದೆ.

ಅಪ್ಪನೂಹೌದು
ಅದು ನಿಮ್ಮ ಕೆಲಸ ಯಾಕೆ? ಹಾಲು ಮಾಡುವುದು ನೀವು, ತೊಳೆಯುವುದು ಅವರು. ನಮ್ಮ ಮನೆಯಲ್ಲಿ ಹಾಗೇ ಇತ್ತು. ಅಷ್ಟೂ ಆಗದಿದ್ದರೆ ಹೇಗೆ?

ಅವಳಿಜವಳಿ
ಇದನ್ನು ಓದಿಸುತ್ತೇನೆ ಇವತ್ತು.

ಹೊಸಗಾಳಿ
ನಡುವೆ ಒಂದು ಪ್ರಶ್ನೆ. ಹಾಲು ಕುಡಿಸುವ ತನಕ ಮತ್ತೆ ಗರ್ಭ ನಿಲ್ಲುವುದಿಲ್ಲ ಅನ್ನುತ್ತಾರಲ್ಲ, ನಿಜವಾ? ನಾನೂ ಮುಂದಿನ ವಾರ ಕೆಲಸಕ್ಕೆ ಹೋಗುತ್ತಿದ್ದೇನೆ.

ರಾತ್ರಿಪಾಳಿ
ಒಳ್ಳೆಯ ಪ್ರಶ್ನೆ, ಸರಿಯಾದ ಹೊತ್ತಿಗೆ. ಮೂರು ಷರತ್ತು ಇವೆ, ಮೂರೂ ಇರಬೇಕು. ಮಗುವಿಗೆ 6 ತಿಂಗಳಿಗಿಂತ ಕಮ್ಮಿ, ಮುಟ್ಟು ಇನ್ನೂ ಶುರುವಾಗಿಲ್ಲ, ಹಗಲೂ ರಾತ್ರಿ ಪೂರ್ತಿ ಎದೆಹಾಲು, ನಡುವೆ ದೊಡ್ಡ ಅಂತರ ಇಲ್ಲ. ಹಗಲು 4 ಗಂಟೆ, ರಾತ್ರಿ 6 ಗಂಟೆಗಿಂತ ಜಾಸ್ತಿ ಅಂತರ ಬಿದ್ದರೆ ನಂಬಬೇಡಿ. ಕೆಲಸಕ್ಕೆ ಹೋದರೆ ಬೀಳುವುದು ಇದೇ ಅಂತರ. ಪಂಪ್ ಮಾಡುವುದು ಮಗು ಕುಡಿದದ್ದಕ್ಕೆ ಸಮ ಅಲ್ಲ. ಮುಟ್ಟು ಬರುವ ಮೊದಲೇ ಅಂಡ ಬಿಡುಗಡೆ ಆಗಿರಬಹುದು, ಗೊತ್ತೇ ಆಗುವುದಿಲ್ಲ. ಹಾಲಿಗೆ ತೊಂದರೆ ಮಾಡದ ಗರ್ಭನಿರೋಧಕಗಳಿವೆ, ಡಾಕ್ಟರನ್ನು ಕೇಳಿ.

ಅವಳಿಜವಳಿ
ದಯವಿಟ್ಟು ಕೇಳಿ.

ಮೂರನೇಮಹಡಿ
ಅರೆನಿದ್ದೆ, ಎಲ್ಲಿ ಹೋದಿರಿ? ಮಲಗಿದ್ದರೆ ಮಲಗಿರಿ.

ರಾತ್ರಿಪಾಳಿ
ಅವರು ಬರುವುದರೊಳಗೆ ರಾತ್ರಿಗೆ ಒಂದು ದಾರಿ ಬರೆದಿಡುತ್ತೇನೆ. ನಮ್ಮ ಆಸ್ಪತ್ರೆಯಲ್ಲಿ ಯಾರೂ 24 ಗಂಟೆ ಡ್ಯೂಟಿ ಮಾಡುವುದಿಲ್ಲ, ಪಾಳಿ ಇದೆ. ಮನೆಯಲ್ಲೂ ಮಾಡಿ. ರಾತ್ರಿ ಮಲಗುವ ಮೊದಲು ಹಾಲು ಕುಡಿಸಿ ನೀವು ಬೇರೆ ಕೋಣೆಗೆ ಹೋಗಿ ಮಲಗಿ, ಬಾಗಿಲು ಹಾಕಿಕೊಳ್ಳಿ. ಒಂದು ಗಂಟೆ ರಾತ್ರಿ ತನಕ ಗಂಡನ ಪಾಳಿ. ಎದ್ದರೆ ಮೊದಲು ತಟ್ಟಲಿ, ಎತ್ತಿ ಓಡಾಡಲಿ, ಡೈಪರ್ ನೋಡಲಿ, ಅಷ್ಟಕ್ಕೂ ಸುಮ್ಮನಾಗದಿದ್ದರೆ ತೆಗೆದಿಟ್ಟ ಹಾಲು ಕೊಡಲಿ. ಅಳುತ್ತಾಳೆ. ಅಪ್ಪನ ತೋಳಲ್ಲಿ ಅಳುವುದಕ್ಕೂ ಒಬ್ಬಳೇ ಬಿದ್ದು ಅಳುವುದಕ್ಕೂ ವ್ಯತ್ಯಾಸ ಇದೆ. ಒಂದು ಗಂಟೆಯಿಂದ ಬೆಳಗಿನ ತನಕ ನೀವು, ಕುಡಿಸಿ. ಒಟ್ಟಿಗೆ ನಾಲ್ಕೈದು ಗಂಟೆ ನಿದ್ದೆ ಸಿಕ್ಕರೆ ಮೀಟಿಂಗ್‌ನಲ್ಲಿ ಮಾತೂ ಕೇಳಿಸುತ್ತದೆ. ಎದೆ ಬಿಗಿದು ಎಚ್ಚರ ಆದರೆ ಹಗುರ ಆಗುವಷ್ಟು ಮಾತ್ರ ಹಿಂಡಿ ಮಲಗಿ.

ಗಡಿಯಾರ
ಇದೇ ನಾನು ಹೇಳಿದ್ದು. ರಾತ್ರಿ ಕಮ್ಮಿ ಮಾಡಿ ಅಂತ.

ಪುಟ್ಟಹೆಜ್ಜೆ
ಇಲ್ಲ, ನೀವು ಹೇಳಿದ್ದು ಕೆಲಸ ಬಿಡಿ ಅಂತ.

ಗಡಿಯಾರ
ಒಂದು ವರ್ಷ ಬಿಟ್ಟು ಹೋಗಬಹುದಿತ್ತು ಅಂದೆ. ನಾನು ಕೆಲಸ ಬಿಟ್ಟು ಮೂರು ವರ್ಷ ಮನೆಯಲ್ಲಿದ್ದೆ, ಆಮೇಲೆ ಯಾರೂ ತೆಗೆದುಕೊಳ್ಳಲಿಲ್ಲ ಅನ್ನುವುದು ಬೇರೆ ಮಾತು. ಮಗುವಿನ ಜೊತೆ ಇದ್ದ ದಿನಗಳಿಗೆ ಬೇಜಾರಿಲ್ಲ. ಎರಡರಲ್ಲೂ ಕಳೆದುಕೊಳ್ಳುವುದು ಇದ್ದೇ ಇದೆ.

ಪುಟ್ಟಹೆಜ್ಜೆ
ಮೊದಲೇ ಇಷ್ಟು ಹೇಳಿದ್ದರೆ ನಾನು ಜಗಳಕ್ಕೆ ಬರುತ್ತಿರಲಿಲ್ಲ.

ಅರೆನಿದ್ದೆ
ಎಲ್ಲರ ಮಾತನ್ನೂ ಓದಿದೆ. ಕೆಲವು ದಿನ ಮಾಡಿ ನೋಡಿ ಬರೆಯೋಣ ಅಂತ ಸುಮ್ಮನಿದ್ದೆ. ಬಾಟಲಿಗೆ 60 ಹಾಕಿಡುತ್ತಿದ್ದೇವೆ, ಬಹಳ ಸಲ ಖಾಲಿ ಮಾಡುತ್ತಾಳೆ. ಲೋಟವನ್ನು ಅತ್ತೆ ಶುರು ಮಾಡಿದರು, ಅರ್ಧ ಅಂಗಿಗೆ, ಅರ್ಧ ಹೊಟ್ಟೆಗೆ. ರಾತ್ರಿ ಪಾಳಿ ಮಾಡಿದೆವು. ಮೊದಲ ರಾತ್ರಿ ಬಾಗಿಲ ಹಿಂದೆ ನಿಂತು ಅಳು ಕೇಳುತ್ತಾ ನಾನೇ ನಿದ್ದೆ ಮಾಡಲಿಲ್ಲ. ಈಗ ಪರವಾಗಿಲ್ಲ. ಗಂಟೆಗೊಮ್ಮೆ ಏಳುವುದು ಕಮ್ಮಿ ಆಗಿದೆ, ನಿಂತಿಲ್ಲ. ಬೆಳಗಿನ ಜಾವ ಮಾತ್ರ ಬಿಡುವುದೇ ಇಲ್ಲ.

ಪಟ್ಟಿ ಹಂಚುವ ಮಾತಿಗೆ ಜಗಳ ಆಯ್ತು ಸ್ವಲ್ಪ. ಎಲ್ಲಾ ಮಾಡ್ತೀನಲ್ಲ ಅಂದರು. ನನ್ನ ತಲೆಯಲ್ಲಿರುವುದನ್ನು ಕಾಗದದ ಮೇಲೆ ಬರೆದು ಮುಂದಿಟ್ಟೆ, ಎರಡು ಪುಟ ಆಯಿತು. ಓದಿ ಸುಮ್ಮನಾದರು. ಲಸಿಕೆ, ಹಾಲಿನ ಡಬ್ಬಿ ಲೆಕ್ಕ ಅವರು ತೆಗೆದುಕೊಂಡಿದ್ದಾರೆ. ಫೋನ್ ಇನ್ನೂ ಬರುತ್ತದೆ, ಎತ್ತುವುದು ಬಿಡಲು ನನಗೇ ಆಗುತ್ತಿಲ್ಲ.

ಅಪ್ಪನೂಹೌದು
ಎರಡು ಪುಟ! ನಮ್ಮ ಮನೆಯಲ್ಲಿ ಬರೆಸಬಾರದು ಇದನ್ನು.

ಸ್ಟೋರ್‌ರೂಮ್
ಮೀಟಿಂಗ್ ಏನಾಯ್ತು?

ಅರೆನಿದ್ದೆ
ಬ್ಲಾಕ್ ಮಾಡಿದೆ. ಒಬ್ಬರು ಅದರ ಮೇಲೇ ಇಟ್ಟರು. ಬರುವುದಿಲ್ಲ ಅಂತ ಬರೆದೆ, ಕಾರಣ ಬರೆಯಲಿಲ್ಲ. ಅರ್ಧ ಗಂಟೆ ಮುಂದೆ ಹಾಕಿದರು, ಅಷ್ಟೇ. ಇಷ್ಟಕ್ಕೆ ಇಷ್ಟು ದಿನ ಫೈಲ್ ಹಿಡಿದುಕೊಂಡು ಕೂತಿದ್ದೆನಾ ಅನ್ನಿಸಿತು. ಇನ್ನೊಂದು, ಕೂದಲು ಕೈತುಂಬಾ ಉದುರುತ್ತಿದೆ. ಇದು ನಿದ್ದೆ ಇಲ್ಲದ್ದಕ್ಕಾ?

ರಾತ್ರಿಪಾಳಿ
ಹೆರಿಗೆ ಆದ ಮೂರು ನಾಲ್ಕು ತಿಂಗಳಿಗೆ ಶುರುವಾಗುತ್ತದೆ, ಹಾರ್ಮೋನು ಇಳಿಯುವುದರಿಂದ. ಬಸಿರಲ್ಲಿ ಉದುರದೆ ಉಳಿದದ್ದು ಈಗ ಒಟ್ಟಿಗೆ ಹೋಗುತ್ತಿದೆ. ಮಗುವಿಗೆ ವರ್ಷ ಆಗುವ ಹೊತ್ತಿಗೆ ಬಹಳ ಜನರಿಗೆ ಸರಿಹೋಗುತ್ತದೆ. ಆಮೇಲೂ ನಿಲ್ಲದಿದ್ದರೆ, ಸುಸ್ತು ವಿಪರೀತ ಇದ್ದರೆ, ರಕ್ತ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಒಂದು ಕೂದಲು ಮಗುವಿನ ಕಾಲ್ಬೆರಳಿಗೆ ಸುತ್ತಿಕೊಂಡಿದೆಯಾ ಅಂತ ಆಗಾಗ ನೋಡಿ, ಬಿಗಿದು ಬೆರಳು ಊದಿಕೊಳ್ಳುತ್ತದೆ.

ಹೊಸಗಾಳಿ
ನನ್ನ ಪಂಪ್ ಎಳೆಯುವುದೇ ಕಮ್ಮಿ ಆಗಿದೆ. ಹಾಲು ಬತ್ತುತ್ತಿದೆಯಾ ಅಂತ ಭಯ. ಸೋಮವಾರದಿಂದ ಕೆಲಸ.

ಲೆಕ್ಕದಕ್ಕ
ಮೊದಲು ಆ ಸಣ್ಣ ರಬ್ಬರ್ ವಾಲ್ವ್ ನೋಡಿ, ಸಡಿಲ ಆಗಿರುತ್ತದೆ ಅಥವಾ ಸೀಳಿರುತ್ತದೆ. ಆಮೇಲೆ ಎದೆಗೆ ಇಡುವ ಕಪ್ಪಿನ ಅಳತೆ. ಪಂಪ್‌ನಲ್ಲಿ ಬರುವುದೇ ನಿಮ್ಮ ಹಾಲಿನ ಲೆಕ್ಕ ಅಲ್ಲ, ಮಗು ಪಂಪ್‌ಗಿಂತ ಚೆನ್ನಾಗಿ ಎಳೆಯುತ್ತದೆ. ವಾಲ್ವ್ ಬದಲಾಯಿಸಿ ನೋಡಿ ಹೇಳಿ.